ಸೊಟ್ಟ ಬೆರಳಿನ ವಕೀಲಮ್ಮ

ನಮ್ಮ ವಕೀಲಮ್ಮನ ಬಲಗೈಯ ತೋರುಬೆರಳು ನೆಟ್ಟಗಿರಲಿಲ್ಲ. ನಡುಗೆಣ್ಣಿನಲ್ಲಿ ಮುರಿದು, ಪಕ್ಕಕ್ಕೆ ಬಾಗಿ ಹಾಗೇ ಕೂಡಿಕೊಂಡಿತ್ತು. ಅವರು ಯಾರಿಗಾದರೂ ಬೆರಳು ತೋರಿಸಿ ಬೈದರೆ ಬೈಗುಳ ಒಬ್ಬರಿಗೆ, ಬೆರಳು ಪಕ್ಕದವರಿಗೆ. ಮೊದಲ ಸಲ ಅವರ ಆಫೀಸಿಗೆ ಬಂದವರು, "ಅಯ್ಯೋ, ನನಗಾ ಹೇಳಿದ್ದು?" ಎಂದು ಗಾಬರಿಬೀಳುತ್ತಿದ್ದರು. ಹಿಂದೆ ಯಾವಾಗಲೋ ಹಲಸೂರಿನಲ್ಲಿ ಬಾಡಿಗೆಗಿದ್ದ ಬಾಣಂತಿಯೊಬ್ಬಳನ್ನು ಹೊರಗೆ ನಿಲ್ಲಿಸಿ ಮನೆಯ ಓನರ್ ಬಾಗಿಲು ಹಾಕಿಕೊಳ್ಳುವಾಗ ಇವರು ಸಂದಿಗೆ ಕೈ ಕೊಟ್ಟಿದ್ದರಂತೆ. ಬೆರಳು ಮುರಿಯಿತು, ಬಾಗಿಲು ಮುಚ್ಚಲಿಲ್ಲ. "ಆ ಕೇಸಲ್ಲಿ ನಂಗೆ ಸಿಕ್ಕಿದ ಫೀಸು ಇದೇ ಕಣೇ" ಎಂದು ಬೆರಳನ್ನು ಎತ್ತಿ ತೋರಿಸಿ ನಗುತ್ತಿದ್ದರು.

ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬುರ್ಖಾ ಬಟ್ಟೆಯ ಅಂಗಡಿಯ ಮೇಲೆ ಅವರ ಆಫೀಸು. ಅಂಗಡಿಯವರ ಜೊತೆ ಉರ್ದು, ಹೂವಿನವಳ ಜೊತೆ ಮನೆಮಾತಾದ ತಮಿಳು, ಕೋರ್ಟಿನಲ್ಲಿ ಇಂಗ್ಲಿಷು. ಸಿಟ್ಟು ಬಂದರೆ ಮಾತ್ರ ಕನ್ನಡ. "ಬೈಯೋಕೆ ಕನ್ನಡದಷ್ಟು ಚೆನ್ನಾಗಿರೋ ಭಾಷೆ ಇನ್ನೊಂದಿಲ್ಲ" ಎನ್ನುತ್ತಿದ್ದರು. ನಮ್ಮವ್ವ ಆ ಆಫೀಸಿನ ಕಸ ಗುಡಿಸುತ್ತಿದ್ದಳು. ಅಪ್ಪನದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಯಾದಗಿರಿ ಕಡೆಯಿಂದ ಬಂದ ನಾವು ಅದೇ ಗಲ್ಲಿಯ ಕೊನೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆವು. ನಮ್ಮೂರಿನ ಇನ್ನೂ ಕೆಲವು ಸಂಸಾರಗಳು ಅಕ್ಕಪಕ್ಕದಲ್ಲೇ ಇದ್ದವು.

ವಕೀಲಮ್ಮನಿಗೆ ಒಂದು ಚಾಳಿಯಿತ್ತು. ಅವರ ನಂಬರನ್ನೋ ಫೋಟೋವನ್ನೋ ಯಾರು ಕೇಳಿದರೂ ತಿರುಗಿ ಕೇಳುವುದು: "ಯಾಕೆ ಬೇಕು? ಎಷ್ಟು ದಿನ ಇಟ್ಕೋತೀರ? ಯಾವಾಗ ಅಳಿಸ್ತೀರ?" ಒಮ್ಮೆ ನನ್ನನ್ನು ಬಟ್ಟೆ ಕೊಡಿಸಲು ಕರೆದುಕೊಂಡು ಹೋಗಿದ್ದರು. ಬಿಲ್ ಹಾಕುವವನು ಮೊಬೈಲ್ ನಂಬರ್ ಹೇಳಿ ಎಂದ. "ಯಾಕಪ್ಪಾ, ಮನೆಗೆ ಹೋದ್ಮೇಲೆ ಚೂಡಿದಾರ್ ನಂಗೆ ಫೋನ್ ಮಾಡುತ್ತಾ?" ಎಂದರು. ಹಿಂದೆ ಸಾಲಿನಲ್ಲಿ ನಿಂತವರು ಲೊಚಗುಟ್ಟಿದರು. ನಾನು ನಾಚಿಕೆಯಿಂದ ನೆಲ ನೋಡಿದೆ. ಅವ್ವನಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಶ್ಯಾಣೇರಿಗೆ ಹಿಂತಾ ಹುಚ್ಚು ಇರ್ತಾವ ಬಿಡು" ಎಂದಳು.

ಆ ನಗು ಬಹಳ ದಿನ ಉಳಿಯಲಿಲ್ಲ. ನಾನು ಎರಡನೇ ಪಿಯುಸಿಯಲ್ಲಿದ್ದೆ, ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಓನರ್ ಬಾಗಿಲಲ್ಲಿ ನಿಂತು, ವಾರದೊಳಗೆ ಮನೆ ಖಾಲಿ ಮಾಡಿ ಎಂದರು. ಅವರು ಕೆಟ್ಟವರಲ್ಲ, ಪುಕ್ಕಲರು. ಬಾಡಿಗೆದಾರರ ಪೂರ್ವೋತ್ತರ ನೋಡಲು ಓನರುಗಳಿಗೆಂದೇ ಒಂದು ಆ್ಯಪ್ ಬಂದಿತ್ತು. ನಾವು ಕೊಟ್ಟಿದ್ದ ನಂಬರ್ ಹಾಕಿದರೆ ಕೆಂಪು ಗುರುತು ಬರುತ್ತಿತ್ತು. 'ಬಾಡಿಗೆ ಮುಳುಗಿಸಿ ಓಡಿಹೋದವರು' ಎಂದು ಅದರ ಅರ್ಥ. ಅಪ್ಪ ಇದ್ದ ಕೂಲಿ ಬಿಟ್ಟು ಬೇರೆ ಮನೆ ಹುಡುಕಿದ. ಬೆನ್ಸನ್ ಟೌನ್, ರಿಚರ್ಡ್ಸ್ ಟೌನ್, ಎಲ್ಲಿ ಹೋದರೂ ಓನರುಗಳು ಮೊದಲು ಫೋನು ತೆಗೆದು ನಂಬರ್ ಒತ್ತುತ್ತಿದ್ದರು, ಆಮೇಲೆ 'ಈಗತಾನೇ ಬೇರೆಯವರಿಗೆ ಕೊಟ್ಟುಬಿಟ್ವಿ' ಎನ್ನುತ್ತಿದ್ದರು. ನಮ್ಮೂರಿನ ಉಳಿದ ಸಂಸಾರಗಳಿಗೂ ಇದೇ ಗತಿ. ಊರಿಗೆ ಹಿಂತಿರುಗುವ ಮಾತು ಶುರುವಾಯಿತು. ಊರಿಗೆ ಹೋದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಅವ್ವ ಕಸ ಗುಡಿಸುತ್ತಾ ಗುಡಿಸುತ್ತಾ ವಕೀಲಮ್ಮನ ಮೇಜಿನ ಮುಂದೆ ಕೂತು ಅತ್ತುಬಿಟ್ಟಳು.

ವಕೀಲಮ್ಮ ಕಾಫಿ ಲೋಟ ಅಲ್ಲೇ ಬಿಟ್ಟು ಕೆಳಗಿಳಿದರು. ನೇರ ಓನರ್ ಮನೆಗೆ. "ಮೇಡಂ, ನಾನೇನ್ ಮಾಡ್ಲಿ? ಆ್ಯಪಲ್ಲಿ ಕೆಂಪು ಬಂದ್ಬಿಟ್ಟಿದೆ" ಎಂದರು ಅವರು. "ಕೆಂಪು ಬಂದ್ರೆ ಸಿಗ್ನಲ್ಲಲ್ಲಿ ನಿಂತ್ಕೊಳ್ರೀ. ಇವರ ಬಾಗಿಲಲ್ಲಿ ಬಂದು ಯಾಕ್ ನಿಂತ್ಕೋತೀರ? ತಿಂಗಳು ತಿಂಗಳೂ ಬಾಡಿಗೆ ತಗೊಂಡೋರು ನೀವಾ, ಆ ಫೋನಾ?" ಸೊಟ್ಟ ಬೆರಳು ಪಕ್ಕದಲ್ಲಿದ್ದ ಓನರ್ ಹೆಂಡತಿಯ ಕಡೆ ತಿರುಗಿತ್ತು. ಆಕೆಯೇ ಮೊದಲು ಹೆದರಿ, "ತಿಂಗಳಾದ್ರೂ ಇರ್ಲಿ ಬಿಡ್ರೀ" ಎಂದು ಗಂಡನಿಗೆ ಹೇಳಿದರು.

ಸಿಕ್ಕಿದ ಆ ತಿಂಗಳಲ್ಲಿ ವಕೀಲಮ್ಮ ಆ್ಯಪಿನ ಕಂಪನಿಗೆ ಕೆಂಪಿನ ಕಾರಣ ಕೇಳಿ ಪತ್ರ ಬರೆದರು. ಜನರ ಮಾಹಿತಿಯನ್ನು ಯಾರು ಹೇಗೆ ಬಳಸಬಹುದು ಎಂಬ ಬಗ್ಗೆ ಹೊಸ ಕಾನೂನು ಬಂದಿತ್ತು, ಅದಿನ್ನೂ ಪೂರ್ತಿ ಜಾರಿಯಾಗಿರಲಿಲ್ಲ. "ಹುಟ್ಟಿದೆ, ನಡೆಯೋಕೆ ಕಲಿತಿಲ್ಲ. ನಾವೇ ಕೈಹಿಡಿದು ನಡೆಸ್ಬೇಕು" ಎಂದರು. ಪತ್ರಕ್ಕೆ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಯಂತ್ರದ ಉತ್ತರ ಬಂತು. ಸರಿ, ನಡೀರಿ ಎಂದು ನಮ್ಮ ಗಲ್ಲಿಯ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಇಂದಿರಾನಗರದಲ್ಲಿದ್ದ ಆ ಆಫೀಸಿಗೇ ಹೋದರು. ನಾನೂ ಹೋಗಿದ್ದೆ.

ಒಳಗೆ ಬಿಡುವ ಮೊದಲು, ಬಂದವರ ಲೆಕ್ಕ ಇಡಲು ಬಾಗಿಲಲ್ಲಿದ್ದ ಟ್ಯಾಬ್ಲೆಟ್ಟಿಗೆ ಎಲ್ಲರೂ ಮೊಬೈಲ್ ನಂಬರ್ ಕೊಡಬೇಕಿತ್ತು. ವಕೀಲಮ್ಮ ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಸೆರಗಿನ ಗಂಟಿನಿಂದ ಚೀಟಿ ತೆಗೆದು ಕೊಟ್ಟಳು. ರಿಸೆಪ್ಷನ್ ಹುಡುಗಿ ಒತ್ತಿದಳು, ಹಸಿರು ಬಂತು. ಎರಡನೆಯವಳೂ ಚೀಟಿ ಕೊಟ್ಟಳು. ಕೆಂಪು. "ಇವರು ಆಗ್ಲೇ ಒಳಗೆ ಹೋಗಿದಾರೆ ಅಂತಿದೆ" ಎಂದಳು ಹುಡುಗಿ. ಮೂರನೆಯವಳಿಗೂ ಅದೇ. ವಕೀಲಮ್ಮ ಚೀಟಿಗಳನ್ನು ಇಸಿದುಕೊಂಡು ನೋಡಿದರು. ಎಲ್ಲದರಲ್ಲೂ ಒಂದೇ ನಂಬರ್!

"ಯಾರದಮ್ಮಾ ಇದು?"

"ಮೇಸ್ತ್ರೀದರೀ. ನಮ್ಮನ್ನ ಊರಿಂದ ಕರ್ಕೊಂಡ್ ಬಂದಾವ" ಎಂದಳು ಅವ್ವ. "ನಮ್ಮ ಫೋನಿಗೆ ಕರೆನ್ಸಿ ಇರಲ್ರೀ. ಗ್ಯಾಸಿಗಿ, ಮನೀಗಿ, ಎಲ್ಲಾದಕ್ಕೂ ಎಲ್ಲಾರೂ ಅವಂದೇ ಕೊಡ್ತೀವಿ."

ಆ ಮೇಸ್ತ್ರಿ ಬೇರೆಲ್ಲೋ ಬಾಡಿಗೆ ಕೊಡದೆ ಮನೆ ಬಿಟ್ಟು ಹೋಗಿದ್ದನೆಂದು ಇನ್ನೊಬ್ಬಳು ಬಾಯಿಬಿಟ್ಟಳು. ಯಂತ್ರಕ್ಕೆ ನಾವೆಲ್ಲರೂ ಅವನೇ! ವಕೀಲಮ್ಮ ಹಣೆ ಹಣೆ ಚಚ್ಚಿಕೊಂಡು, "ಅಯ್ಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆಯುತ್ತಾ ನಗತೊಡಗಿದರು.

ಮ್ಯಾನೇಜರ್ ಹೊರಗೆ ಬಂದ. ವಿಷಯ ಕೇಳಿ, "ತಪ್ಪು ನಂಬರ್ ಕೊಟ್ಟಿದ್ದು ಅವರೇ ಅಲ್ವಾ ಮೇಡಂ?" ಎಂದ. ವಕೀಲಮ್ಮನ ನಗು ನಿಂತಿತು. "ಇಷ್ಟು ಸಂಸಾರ ಒಂದೇ ನಂಬರಲ್ಲಿ ಹೆಂಗ್ ಇರುತ್ತೆ ಅಂತ ಒಂದ್ಸಲ ಕೇಳಿದ್ರಾ? ಮನೆಯಿಂದ ಆಚೆ ಹಾಕೋ ಮುಂಚೆ ಮನುಷ್ಯರನ್ನ ಕೇಳ್ಬೇಕು. ಕಾನೂನು ಅಂದ್ರೆ ಅಷ್ಟೇನೇ. ಮಿಕ್ಕಿದ್ದೆಲ್ಲಾ ಸೆಕ್ಷನ್ನು." ಅವನು ಅವ್ವನ ಕಡೆ ತಿರುಗಿ, "ಯಾವೂರಾತಬೇ ಯವ್ವಾ ನಿಮ್ದು?" ಎಂದ. ಅವನು ಬೀದರ್ ಕಡೆಯವನು. ಅವನ ಬಾಯಲ್ಲಿ ನಮ್ಮ ಮಾತು ಕೇಳಿ ಅವ್ವನಿಗೆ ಕಣ್ಣೀರು ಬಂತು. ಆ ವಾರದೊಳಗೆ ನಮ್ಮೆಲ್ಲರ ಮೇಲಿನ ಕೆಂಪನ್ನು ಅವನೇ ಅಳಿಸಿಹಾಕಿದ. ಓನರ್ ಬಂದು, "ಬೇಜಾರ್ ಮಾಡ್ಕೋಬೇಡಿ" ಎಂದು ಹೇಳಿ ಹೋದರು. ನಾನು ಅದೇ ಕೋಣೆಯಲ್ಲಿ ಕೂತು ಓದಿ ಪರೀಕ್ಷೆ ಬರೆದೆ.

ವಕೀಲಮ್ಮ ಅಲ್ಲಿಗೆ ಬಿಡಲಿಲ್ಲ. ಪ್ರತಿ ಹೆಂಗಸಿಗೂ ಅವಳದೇ ಹೆಸರಿನ ನಂಬರ್ ಮಾಡಿಸಿದರು. ದಾರಿಯಲ್ಲಿ ಸಿಕ್ಕರೆ ನಮಸ್ಕಾರವೂ ಇಲ್ಲ ಗಿಮಸ್ಕಾರವೂ ಇಲ್ಲ, "ನಿನ್ ನಂಬರ್ ಹೇಳು!" ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಾ, ಬಡಿತಕ್ಕೊಂದು ಅಂಕಿ ಹೇಳಿಕೊಳ್ಳುತ್ತಾ ಕಲಿತಳು. ತಪ್ಪಿಲ್ಲದೆ ಒಪ್ಪಿಸಿದ ದಿನ ವಕೀಲಮ್ಮ ಅವಳ ಬೆನ್ನು ತಟ್ಟಿ, "ಈಗ ಇದನ್ನ ಯಾರ್ಗೂ ಸುಮ್ ಸುಮ್ನೆ ಕೊಡ್ಬೇಡ" ಎಂದರು. "ಹಂಗಾರ ಕಲ್ಸಿದ್ಯಾಕರೀ?" ಎಂದು ಅವ್ವ ರೇಗಿದಳು.

ನಾನು ಕಾನೂನು ಓದಿ ಅವರ ಹತ್ತಿರವೇ ಜೂನಿಯರ್ ಆಗಿ ಸೇರಿದೆ. ಅವರಿಂದ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ, ಒಂದೂ ವ್ಯರ್ಥವಾಗಲಿಲ್ಲ. ಹೋದ ವರ್ಷ ಕಾಯಿಲೆ ಬಿದ್ದು ಕೆ.ಆರ್. ಪುರದಲ್ಲಿ ತಂಗಿಯ ಮಗಳ ಫ್ಲ್ಯಾಟಿಗೆ ಹೋದರು. ಅಲ್ಲೇ ತೀರಿಕೊಂಡರು.

ಸುದ್ದಿ ಕೇಳಿ ನಮ್ಮ ಗಲ್ಲಿಯ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದರು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವರು ಫೋನು ಹಿಡಿದು, "ಒಬ್ಬೊಬ್ಬರೇ ನಂಬರ್ ಹೇಳಿ, ಫೋಟೋ ತೆಗೀಬೇಕು" ಎಂದರು. ಅವ್ವ ಎಲ್ಲರಿಗಿಂತ ಮುಂದಿದ್ದಳು.

"ಯಾಕ್ ಬೇಕಪಾ? ಎಷ್ಟ್ ದಿನ ಇಟ್ಕೋತಿ? ಯಾವಾಗ ಅಳಸ್ತಿ?"

"ನಂಗೇನ್ ಗೊತ್ತಮ್ಮಾ, ಇಲ್ಲಿ ರೂಲ್ಸ್ ಹಂಗಿದೆ."

"ನನ್ ನಂಬರ್ ನನಗ ಬಾಯಿಪಾಠ ಅದ. ಹೇಳಾಕ ಬರಲ್ಲಂತ ತಿಳ್ಕೋಬ್ಯಾಡ" ಎಂದಳು ಅವ್ವ, ಅಳುತ್ತಲೇ. "ಹೇಳಿದ್ರ ಒಳಗ ಮಲಗ್ಯಾಳಲ್ಲ, ಆಕಿ ಎದ್ ಬಂದು ಬೈತಾಳ."

ಕಾವಲಿನವರು ಮನೆಗೆ ಫೋನ್ ಮಾಡಿ ಕೇಳಿದರು. ಎಲ್ಲರನ್ನೂ ಕಳಿಸಿ ಎಂದು ತಂಗಿಯ ಮಗಳು ಹೇಳಿದಳು. ಕಾವಲಿನವರು ಫೋನನ್ನು ಜೇಬಿಗಿಟ್ಟುಕೊಂಡು ಗೇಟು ತೆರೆದರು.

ಮೇಲೆ ವಕೀಲಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಎದೆಯ ಮೇಲೆ ಕೈಗಳನ್ನು ಜೋಡಿಸಿ ಮಲ್ಲಿಗೆ ಇಟ್ಟಿದ್ದರು. ಎಲ್ಲ ಬೆರಳೂ ನೆಟ್ಟಗಿದ್ದವು. ಅದೊಂದು ಮಾತ್ರ ಯಾವಾಗಿನಂತೆ ಪಕ್ಕಕ್ಕೆ ತಿರುಗಿತ್ತು. ಪಕ್ಕದಲ್ಲಿ, ಕೋರ್ಟಿನಿಂದ ಓಡಿಬಂದು ಕರಿ ಕೋಟಿನಲ್ಲೇ ನಿಂತಿದ್ದವಳು ನಾನು. ಮೊದಲ ಸಲ ಬಂದವರ ಹಾಗೆ 'ನನಗಾ ಹೇಳಿದ್ದು?' ಎಂದು ನಾನು ಕೇಳಲಿಲ್ಲ.