ಜಟ್ಟಿ ತಾಂಡೇಲನ ಮುಖ

ನಾನು ಮಂಜಗುಣಿಯಲ್ಲಿ ಶಾಲಾ ಮಾಸ್ತರನಾಗಿದ್ದಾಗ ಗಂಗಾವಳಿ ಹೊಳೆ ದಾಟಿಸುವ ತಾರಿ ದೋಣಿ ಜಟ್ಟಿಯ ಕೈಯಲ್ಲಿತ್ತು. ಅವನು ನಿಂತರೆ ಮಳೆಗಾಲದ ಸೆಳವೂ ದಾರಿ ಬಿಡುತ್ತದೆ ಎಂದು ಊರು ನಂಬಿತ್ತು. ನಾನು ನಂಬಿರಲಿಲ್ಲ, ಆದರೂ ಮಳೆಗಾಲದಲ್ಲಿ ಬೇರೆ ಯಾರ ದೋಣಿಯನ್ನೂ ಹತ್ತಿದವನಲ್ಲ. ಮುಂದೆ ಕಾರವಾರ ಬಂದರಿನಲ್ಲಿ, ಕಡಲಲ್ಲಿ ಸಿಕ್ಕಿಬಿದ್ದವರನ್ನು ಕರೆತರಲೆಂದೇ ಒಂದು ಲೈಫ್‌ಬೋಟು ಇಟ್ಟಾಗ ಜಟ್ಟಿಯನ್ನೇ ಅದರ ತಾಂಡೇಲನನ್ನಾಗಿ ಮಾಡಿದರು. ಹುಟ್ಟು ಹಾಕಲು ಎಂಟು ಜನ, ಹಿಂದೆ ಚುಕ್ಕಾಣಿ ಹಿಡಿದು ಇವನು. ಊರವರ ಬಾಯಲ್ಲಿ ಅದು ಜೀವದೋಣಿ. ಹೆಂಡತಿ ಗಂಗೆಯನ್ನು ಕರೆದುಕೊಂಡು ಜಟ್ಟಿ ಬಂದರಿನ ಬಳಿಯೇ ಬಿಡಾರ ಹೂಡಿದ.

ಅವರ ಒಬ್ಬಳೇ ಮಗಳು ಕಾಮಿ ನನ್ನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಮದುವೆಯಾಗಿ ಮುಂಬಯಿಗೆ ಹೋದಳು. ಗಂಡನಿಗೆ ಅಲ್ಲಿ ಗಿರಣಿಯ ಕೆಲಸ. ನಾನು ಅಂಕೋಲೆಗೆ ವರ್ಗವಾಗಿ ಬಂದ ಮೇಲೆ, ೧೯೩೪ರ ಜನವರಿಯಲ್ಲಿ, ಅವಳ ಕಾಗದ ಬಂತು. ‘ಊರು ಬಿಟ್ಟು ಆರು ವರ್ಷವಾಯಿತು. ನನ್ನ ಮಗ ಅಜ್ಜನ ಹಾಗೇ ಇದ್ದಾನೆ ಎಂದು ಊರ ಕಡೆಯವರು ಹೇಳುತ್ತಾರೆ. ಹೌದೋ ಅಲ್ಲವೋ ನನಗೆ ತಿಳಿಯುವುದಿಲ್ಲ. ಅಪ್ಪನ ಮುಖ ನೆನಪು ಮಾಡಿಕೊಂಡರೆ ಬರುವುದಿಲ್ಲ ಮಾಸ್ತರೇ. ಹೇಗಾದರೂ ಮಾಡಿ ಒಂದು ಫೋಟೋ ಕಳಿಸಿ. ಚುಕ್ಕಾಣಿ ಹಿಡಿದು ನಿಂತದ್ದೇ ಇರಲಿ.’ ಓದಿ ನನಗೆ ಬಹಳ ಕೆಡುಕೆನಿಸಿತು. ಮೂರು ಹೊತ್ತು ಮೂಗು ಸುರಿಸುತ್ತ ಮಗ್ಗಿ ಹೇಳುತ್ತಿದ್ದ ಹುಡುಗಿ ಅವಳು.

ನನ್ನ ಗೆಳೆಯ ಶಾಂತಾರಾಮನಿಗೆ ಅಂಕೋಲೆ ಪೇಟೆಯಲ್ಲಿ ಜವಳಿ ಅಂಗಡಿ. ಮುಂಬಯಿಯಿಂದ ಕ್ಯಾಮೆರಾ ತರಿಸಿದ ಮೇಲೆ ಅವನಿಗೆ ಗಿರಾಕಿಗಳು ಬೇಡವಾಗಿದ್ದರು. ಕಾಗದ ಓದಿ ಹೇಳಿದ್ದೇ ತಡ, ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡು, ಕರಿ ಬಟ್ಟೆ, ಆರು ಗಾಜಿನ ಪ್ಲೇಟು ಕಟ್ಟಿಕೊಂಡು ಹೊರಟ. ಆರು ಪ್ಲೇಟೆಂದರೆ ಆರೇ ಫೋಟೋ. ಸ್ಟ್ಯಾಂಡು ಹೊರುವ ಕೆಲಸ ನನ್ನದು.

ತಿಂಗಳ ಮೊದಲ ರವಿವಾರ ಜೀವದೋಣಿ ಕಸರತ್ತಿಗೆ ಕಡಲಿಗಿಳಿಯುತ್ತಿತ್ತು. ಜಟ್ಟಿಗೆ ಮೊದಲೇ ಸುದ್ದಿ ಕಳಿಸಿ, ಅದೇ ದಿನ ಬೆಳಗಿನ ಮೋಟಾರಿಗೆ ಕಾರವಾರ ಮುಟ್ಟಿದೆವು. ಜೀವದೋಣಿಯ ಶೆಡ್ಡಿಗೆ ಹೋಗುವ ಮೊದಲೇ ಶಾಂತಾರಾಮ ಬಂದರಿನ ಕಟ್ಟೆಗೊಂದು, ಗುಡ್ಡಕ್ಕೊಂದು, ಲಂಗರು ಹಾಕಿದ್ದ ಸ್ಟೀಮರಿಗೊಂದು, ಯಾರದೋ ಬಂಗಲೆಗೊಂದು ಪ್ಲೇಟು ಮುಗಿಸಿದ. ಬಂಗಲೆ ಎಂತಕ್ಕೆ ಎಂದು ಕೇಳಿದರೆ ಬೆಳಕು ಚಂದವಿತ್ತಂತೆ.

ನಾವು ಮುಟ್ಟುವಷ್ಟರಲ್ಲಿ ದೋಣಿಯನ್ನು ನೀರಿಗೆ ದಬ್ಬುತ್ತಿದ್ದರು. ಜಟ್ಟಿ ದೂರದಿಂದಲೇ ಕೈಯೆತ್ತಿ, “ಓ ಮಾಸ್ತರೇ, ಎಷ್ಟೊತ್ತಿಗೆ ಬಂದ್ರಿ? ಕಾಮಿ ಬರ್ದದ್ದು ಗೊತ್ತದೆ. ತೆಗೀರಿ ತೆಗೀರಿ!” ಎಂದು ದೋಣಿ ಹತ್ತಿದ. ಶಾಂತಾರಾಮ ಗಡಿಬಿಡಿಯಿಂದ ಕರಿ ಬಟ್ಟೆಯೊಳಗೆ ತಲೆ ತೂರಿಸಿದ.

ತಂಬಿಗೆ ಹಿಡಿದು ದಂಡೆಯ ಮೇಲೆ ನಿಂತಿದ್ದ ಗಂಗೆ, “ಈಗ ಬೇಡ್ರಾ. ಬರೂವಾಗ ತೆಗೀರಿ” ಎಂದಳು.

“ನಿಂಗೆ ತಿಳೂದಿಲ್ಲ ತಂಗಿ, ಸುಮ್ನಿರು” ಎಂದು ಬಟ್ಟೆಯೊಳಗಿಂದ ಉತ್ತರ ಬಂತು. ಒಳಗೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಯಾರು ಎತ್ತ ತಿರುಗಿದ್ದಾರೆಂದು ಅವನಿಗೆ ತಿಳಿಯಿತೋ ಇಲ್ಲವೋ, ಐದನೆಯ ಪ್ಲೇಟು ಮುಗಿಯಿತು.

“ಬೆನ್ನು ತೆಗ್ದ್ರಲ್ಲ!” ಎಂದಳು ಗಂಗೆ.

ನೋಡುತ್ತೇನೆ, ಹೌದು. ಹುಟ್ಟು ಹಾಕುವವರು ದಂಡೆಗೆ ಮುಖ ಮಾಡಿ ಕೂತಿದ್ದಾರೆ, ಎಂಟೂ ಜನ ಹಲ್ಲು ಕಿರಿದಿದ್ದಾರೆ. ಚುಕ್ಕಾಣಿ ಹಿಡಿದವನು ಮಾತ್ರ ಕಡಲು ನೋಡಬೇಕು. ಹೋಗುವ ದೋಣಿಯಲ್ಲಿ ತಾಂಡೇಲನ ಮುಖ ದಂಡೆಗೆ ಕಾಣುವುದೇ ಇಲ್ಲ. ವರ್ಷಗಟ್ಟಲೆ ಆ ಬೆನ್ನನ್ನು ಕಳಿಸಿಕೊಟ್ಟು ನಿಂತವಳಿಗೆ ಇದು ಗೊತ್ತು. ಓದಿದ ನನಗೆ ಹೊಳೆದಿರಲಿಲ್ಲ.

ಉಳಿದದ್ದು ಒಂದು ಪ್ಲೇಟು. ಅದನ್ನು ದೇವಗಡ ದ್ವೀಪದ ದೀಪಸ್ತಂಭಕ್ಕೆಂದು ಶಾಂತಾರಾಮ ಮೊದಲೇ ಎಣಿಸಿಟ್ಟಿದ್ದ. ದೀಪಸ್ತಂಭದ ಮಗಳು ಮುಂಬಯಿಯಿಂದ ಕಾಗದ ಬರೆದಿಲ್ಲ ಎಂದೆ. ಮುಖ ಊದಿಸಿಕೊಂಡು ಕೂತ.

ಒಂದು ತಾಸಿಗೆ ಬರಬೇಕಾದ ದೋಣಿ ಮಧ್ಯಾಹ್ನವಾದರೂ ಬರಲಿಲ್ಲ. ಗಂಗೆ ತಂಬಿಗೆ ಕೆಳಗಿಡಲಿಲ್ಲ. ಅದರಲ್ಲಿ ಎಂತದು ಎಂದು ಕೇಳಿದೆ. “ಸಿಹಿನೀರು. ಬಂದ ಕೂಡ್ಲೆ ಕಣ್ಣು ತೊಳೂಕೆ. ಉಪ್ಪು ಉರೀತದಲ್ಲ” ಎಂದಳು. ತಾರಿಯ ಕಾಲದಿಂದಲೂ ಅದು ಅವಳ ರೂಢಿಯಂತೆ. ನಾನು ಅಷ್ಟು ವರ್ಷ ಹೊಳೆ ದಾಟಿದ್ದೇನೆ, ಒಂದು ದಿನವೂ ಗಮನಿಸಿದವನಲ್ಲ.

ಮೂರು ಗಂಟೆಯ ಮೇಲೆ ದೋಣಿ ಕಂಡಿತು. ಪಟ ಹರಿದ ಒಂದು ಮಚವೆ ದೋಣಿಯನ್ನು ಹಿಂದೆ ಕಟ್ಟಿ ಎಳೆದು ತರುತ್ತಿದ್ದರು. ಈಗ ಎಂಟು ಬೆನ್ನು, ಅವುಗಳ ಮೇಲೆ ಒಂದೇ ಒಂದು ಮುಖ. ದೋಣಿ ದಂಡೆಗೆ ಹತ್ತಿರವಾಯಿತು. ಶಾಂತಾರಾಮ ಕ್ಯಾಮೆರಾಕ್ಕೆ ಕೊನೆಯ ಪ್ಲೇಟು ಹಾಕಿದ. ಸರಿಯಾಗಿ ಆಗಲೇ ಗಂಗೆ ತಂಬಿಗೆ ಎತ್ತಿ ಹಿಡಿದು ಮೊಣಕಾಲು ನೀರಿಗೆ ಓಡಿದಳು.

“ಅತ್ಲಾಗೆ ಸರಿಯೇ!” ಎಂದು ಇವನು ಕೂಗುವುದಕ್ಕೂ ಪ್ಲೇಟು ಮುಗಿಯುವುದಕ್ಕೂ ಸರಿಹೋಯಿತು.

ಎಲ್ಲ ಹಾಳಾಯಿತು ಎಂದು ಅಂಕೋಲೆ ಬರುವತನಕ ಮೋಟಾರಿನಲ್ಲಿ ಗೊಣಗಿದ. ಆದರೆ ಫೋಟೋ ತೊಳೆದು ನೋಡಿದರೆ ಜಟ್ಟಿಯ ಮುಖ ಸ್ವಚ್ಛವಾಗಿ ಬಂದಿತ್ತು, ನಗುತ್ತಿತ್ತು. ಮುಂದೆ ಗಂಗೆಯ ಬೆನ್ನು, ಎತ್ತಿದ ಕೈ, ತಂಬಿಗೆ. ಹಾಗೇ ಮುಂಬಯಿಗೆ ಕಳಿಸಿದೆ.

ಕಾಮಿಯ ಉತ್ತರ ಬಂತು. ‘ಅಪ್ಪ ಸಿಕ್ಕಿದ. ಮಗನ ಮೂಗು ಅವನದೇ. ತಂಬಿಗೆ ಹಿಡಿದವಳು ಅವ್ವಿ ಎಂದು ಬೆನ್ನು ನೋಡಿದ ಕೂಡಲೇ ಗೊತ್ತಾಯಿತು. ಅವಳ ಮುಖ ನನ್ನ ಹತ್ತಿರ ಇದ್ದೇ ಇದೆ ಎಂದು ತಿಳಿದು ನಾನು ಕೇಳಿರಲಿಲ್ಲ. ಅವಳು ಈಚೆ ತಿರುಗಿದರೆ ಹೇಗಿರುತ್ತಾಳೆ ಎಂದು ಕಣ್ಣು ಮುಚ್ಚಿ ನೋಡಿದೆ ಮಾಸ್ತರೇ. ಬರಲಿಲ್ಲ.’

ಶಾಂತಾರಾಮ ಕಾಗದವನ್ನು ಎರಡು ಸಲ ಓದಿದ. ಮುಂದಿನ ರವಿವಾರ ಆರು ಹೊಸ ಪ್ಲೇಟು ಹಿಡಿದು ನನ್ನೊಡನೆ ಮೋಟಾರು ಹತ್ತಿದವನು, ಬಂದರು, ಗುಡ್ಡ, ದೀಪಸ್ತಂಭ ಯಾವುದನ್ನೂ ಕಣ್ಣೆತ್ತಿ ನೋಡದೆ ನೆಟ್ಟಗೆ ಜಟ್ಟಿಯ ಬಿಡಾರಕ್ಕೆ ನಡೆದ.

ಗಂಗೆಗೆ ಕಾಗದ ಓದಿ ಹೇಳಿದೆ. ಕೊನೆಯ ಸಾಲು ಬಿಟ್ಟು, ನಿನ್ನದೂ ಫೋಟೋ ತೆಗೆಯಬೇಕು ಎಂದೆ.

“ಅಪ್ಪನ ಮುಖ ಕಂಡ್ತಲ ಅವ್ಳಿಗೆ. ನಂದೆಂತಕೆ?” ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಏನು ತಿಳಿಯಿತೋ, ಒಳಗೆ ಹೋಗಿ ಅದೇ ತಂಬಿಗೆಯ ನೀರಿನಿಂದ ಮುಖ ತೊಳೆದುಕೊಂಡು ಬಂದು ಅಂಗಳದಲ್ಲಿ ನಮ್ಮ ಕಡೆ ತಿರುಗಿ ನಿಂತಳು. ಆರೂ ಪ್ಲೇಟು ಅವಳಿಗೇ ಮುಗಿದವು.