ಮಧ್ಯಾಹ್ನ ಕಾಣೆಯಾಗುತ್ತಿದ್ದ ಫೈಲುಗಳು

ಠಾಣೆ ಶಹರದ ವರ್ತಕ ನಗರದ ನಮ್ಮ ಮನೆಯೆಂದರೆ ಒಂದೇ ಕೋಣೆ, ಒಂದು ಅಡುಗೆಮನೆ. ಅತ್ತೆಯ ಬಗ್ಗೆ ತವರಿಗೆ ಫೋನಿನಲ್ಲಿ ದೂರೋಣವೆಂದರೆ ಅತ್ತೆ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು. ಹಾಗಾಗಿ ಮದುವೆಯಾದ ವರ್ಷ ನನ್ನ ಸಿಟ್ಟನ್ನೆಲ್ಲ ಗಂಡನ ಕಂಪ್ಯೂಟರಿನಲ್ಲಿ ಬರೆದಿಡತೊಡಗಿದೆ. ಕನ್ನಡ ಟೈಪಿಂಗಿನ ಸಿಡಿಯನ್ನು ಗೆಳತಿ ಕೊಟ್ಟಿದ್ದಳು. ಗಂಡ ಠಾಣೆಯಲ್ಲೇ ಹುಟ್ಟಿ ಬೆಳೆದವರು. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಮನೆಯಲ್ಲಿ ಓದಬಲ್ಲವರು ನಾನು ಮತ್ತು ಅತ್ತೆ. ಉಡುಪಿ ಕಡೆಯ ಅತ್ತೆಗೆ ಕಂಪ್ಯೂಟರ್ ಮುಟ್ಟಲು ಭಯ ಎಂದು ನಂಬಿದ್ದೆ.

ಆಮೇಲೆ ಫೈಲುಗಳು ಮಾಯವಾಗತೊಡಗಿದವು. ಬೆಳಿಗ್ಗೆ ಇದ್ದದ್ದು ನಾನು ಆಫೀಸಿನಿಂದ ಬರುವಷ್ಟರಲ್ಲಿ ಇಲ್ಲ. ಬ್ರಾಡ್‌ಬ್ಯಾಂಡ್ ಬಂದ ಹೊಸತು. ಹಾಡು ಡೌನ್‌ಲೋಡ್ ಆಗಲೆಂದು ಗಂಡ ಕಂಪ್ಯೂಟರನ್ನು ಹಗಲಿಡೀ ಹಾಕಿಯೇ ಹೋಗುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಒಬ್ಬರೇ. ಇನ್ನು ಯಾರ ಮೇಲೆ ಸಂಶಯ ಪಡಲಿ? ವಿಜಯಪುರದವಳಾದ ನನಗೆ ತುಳು ಒಂದು ಪದವೂ ತಿಳಿಯದು. ತಾಯಿ ಮಗ ತುಳುವಿನಲ್ಲಿ ಮಾತಾಡಿ ನಕ್ಕರೆ, ನಾನು ಬರೆದದ್ದಕ್ಕೇ ನಗುತ್ತಿದ್ದಾರೆ ಅನಿಸಿ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಬೆರಳಿನ ಗುರುತು ಬೀಳಲೆಂದು ಕೀಬೋರ್ಡಿನ ಮೇಲೆ ತೆಳ್ಳಗೆ ಪೌಡರ್ ಉದುರಿಸಿ ಹೋದೆ. ಸಂಜೆ ನೋಡಿದರೆ ಕೀಬೋರ್ಡ್ ಫಳಫಳ ಹೊಳೆಯುತ್ತಿದೆ.

"ಎಂತ ಧೂಳು ಮಾರಾಯ್ತಿ, ಒರೆಸಿಟ್ಟೆ" ಎಂದರು ಅತ್ತೆ.

ಕಳ್ಳತನ ಮುಚ್ಚಲು ಇದಕ್ಕಿಂತ ಒಳ್ಳೆಯ ನೆವ ಬೇಕೆ?

ತಡೆಯಲಾಗದೆ, ನನ್ನ ಫೈಲುಗಳನ್ನು ಯಾರೋ ಅಳಿಸುತ್ತಿದ್ದಾರೆ ಎಂದು ಗಂಡನಿಗೆ ಹೇಳಿದೆ. ಭಾನುವಾರ ಅವರು ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬನನ್ನು ಕರೆತಂದರು. ಸಿಡಿಯ ಜೊತೆಗೆ ಬಂದ ವೈರಸ್ ನನ್ನ ಫೈಲುಗಳಿಗೆಲ್ಲ ಅಂಟಿದೆ, ದಿನಾ ಮಧ್ಯಾಹ್ನ ಆಂಟಿವೈರಸ್ ತಾನಾಗಿ ಹುಡುಕಿ ಅವನ್ನು ಬೇರೆ ಕಡೆ ಕೂಡಿಹಾಕುತ್ತಿದೆ ಎಂದು ಆತ ಮರಾಠಿಯಲ್ಲಿ ವಿವರಿಸಿದ. ಏನೂ ಅಳಿದಿಲ್ಲ, ಶುದ್ಧ ಮಾಡಿ ವಾಪಸ್ ತರುತ್ತೇನೆ ಎಂದ. ಅತ್ತೆ ಅಳಿಸಿಲ್ಲ, ಸರಿ. ಓದಿಯೂ ಇಲ್ಲ ಎಂದು ಆತ ಹೇಳಲಿಲ್ಲವಲ್ಲ ಎಂದುಕೊಳ್ಳುತ್ತಲೇ ಚಹಾ ಮಾಡಲು ಒಳಗೆ ಹೋದೆ.

ಚಹಾ ಹಿಡಿದು ಬಂದರೆ ಅತ್ತೆ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತಿದ್ದಾರೆ. ವಾಪಸ್ ಬಂದ ಫೈಲಿನಲ್ಲಿ ಅಕ್ಷರ ಕೆಟ್ಟಿಲ್ಲವೇ ಎಂದು ನೋಡಲು ಗಂಡನೇ ಅವರನ್ನು ಕೂರಿಸಿದ್ದರು. ತೆರೆದಿದ್ದ ಫೈಲಿನಲ್ಲಿ ನಾನು ಅವರನ್ನು ಜೇಲರ್ ಎಂದು ಕರೆದಿದ್ದೆ. ಅಕ್ಷರ ನೋಡಲು ಅಷ್ಟು ಹೊತ್ತು ಬೇಡ. ಅವರು ಓದುತ್ತಲೇ ಇದ್ದರು. ಏನಿದೆ ಎಂದು ಗಂಡ ತುಳುವಿನಲ್ಲಿ ಕೇಳಿದರು ಅಂತ ಕಾಣುತ್ತದೆ. ಅತ್ತೆ ಎಂದೂ ಇಲ್ಲದೆ ಮಗನಿಗೆ ಕನ್ನಡದಲ್ಲಿ ಉತ್ತರ ಕೊಟ್ಟರು.

"ಅಕ್ಷರ ಎಲ್ಲ ಸರಿ ಉಂಟು. ಯಾರದ್ದೋ ಅತ್ತೆಯ ಕಥೆ. ಚಂದ ಬರೆದಿದ್ದಾಳೆ."

ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ. ಅವರು ಕನ್ನಡಕ ತೆಗೆದಿಟ್ಟು, ನನ್ನ ಕೈಯಿಂದಲೇ ಚಹಾ ತೆಗೆದುಕೊಂಡು ಅಡುಗೆಮನೆಗೆ ಹೋದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆಮೇಲೆ ಯಾವ ಫೈಲೂ ಕಾಣೆಯಾಗಲಿಲ್ಲ. ನಾನು ಬರೆದರೆ ತಾನೆ?