ಮುಕ್ತ ಅಂದರೆ ಬಿಟ್ಟಿ ಅಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಚುಕ್ಕಿ ಅಕ್ಕ ಬಿಸಿನೀರಿನ ಲೋಟವನ್ನು ಎರಡೂ ಅಂಗೈಗಳಲ್ಲಿ ಹಿಡಿದು ಕೂತಿದ್ದಾರೆ. ಕುಡಿಯುವುದಕ್ಕಲ್ಲ. "ಬೆರಳು ತಣ್ಣಗಿದ್ರೆ ಅಕ್ಷರ ಕೈಗೆ ಸಿಗಲ್ಲ" ಎನ್ನುತ್ತಾರೆ. ಪಕ್ಕದಲ್ಲಿ ಯಂತ್ರ ದಪ್ಪ ಹಾಳೆಯ ಮೇಲೆ ಟಕಟಕನೆ ಬ್ರೈಲ್ ಚುಕ್ಕಿಗಳನ್ನು ಒತ್ತುತ್ತಿದೆ. ಮೊದಲ ಹಾಳೆ ಬಿದ್ದದ್ದೇ ಕೈ ಒರೆಸಿಕೊಂಡು ಓದತೊಡಗುತ್ತಾರೆ. ಮೂರನೆಯ ಸಾಲಿನಲ್ಲಿ ಬೆರಳು ತಡೆಯುತ್ತದೆ. ಯಂತ್ರ ನಡೆಸುವ ಹುಡುಗನಿಗೆ ಕೂಗಿ ಹೇಳುತ್ತಾರೆ.

"ಯಂತ್ರ ನಿಲ್ಸಪ್ಪಾ. ಒಂದು ಚುಕ್ಕಿ ಒತ್ತಿಲ್ಲ, ಐದು ಹೋಗಿ ಒಂದಾಗಿದೆ. ಮಗು ಲೆಕ್ಕ ಸರಿಯಾಗಿ ಮಾಡಿದ್ರೂ ಉತ್ತರ ತಪ್ಪಾಗುತ್ತೆ."

ಚಿಕ್ಕಂದಿನಲ್ಲೇ ಜ್ವರ ಬಂದು ಕಣ್ಣು ಹೋದ ಇವರು ಇಲ್ಲಿಗೆ ಬಂದದ್ದು ಕರಡು ತಿದ್ದುವ ಕೆಲಸಕ್ಕೆ. ಆಗ ಪ್ರತಿ ಪುಟವನ್ನೂ ಕೈಯಲ್ಲೇ ಬ್ರೈಲ್‌ಗೆ ಇಳಿಸಬೇಕಿತ್ತು. ಒಂದು ಪಠ್ಯಪುಸ್ತಕ ಮುಗಿಯುವಷ್ಟರಲ್ಲಿ ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತಿದ್ದರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರ್ ಬಂದ ಮೇಲೆ, ಅಕ್ಕ ಹಟ ಹಿಡಿದು ಪ್ರೋಗ್ರಾಮಿಂಗ್ ಕಲಿತರು. ಮಾಮೂಲಿ ಬರಹವನ್ನು ಚುಕ್ಕಿಗಳಾಗಿಸುವ ತಂತ್ರಾಂಶವನ್ನು ತಾವೇ ಬರೆದರು. ಅವರ ತಮ್ಮ ಲಿಫ್ಟ್ ರಿಪೇರಿ ಮಾಡುವವನು; ಅಕ್ಕನಿಂದ ಬ್ರೈಲ್ ಕಲಿತು, ಸಂಜೆ ಹೊತ್ತು ಬಂದು, ಅಚ್ಚಿನ ಪುಟಕ್ಕೂ ಚುಕ್ಕಿಗಳಿಗೂ ತಾಳೆ ನೋಡುತ್ತಿದ್ದ. ಕೊನೆಗೆ ಇಬ್ಬರೂ ಅದನ್ನು ಮುಕ್ತ ಲೈಸೆನ್ಸ್‌ನಲ್ಲಿ ಜನರ ಕೈಗೆ ಬಿಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿ ಇನ್ನೊಬ್ಬರಿಗೆ ಕೊಟ್ಟರೆ ತಿದ್ದಿದ್ದನ್ನೂ ತೆರೆದಿಡಬೇಕು. ಕರಾರು ಅಷ್ಟೇ.

ಹೋದ ವರ್ಷ ಪರೀಕ್ಷಾ ಮಂಡಳಿ ಅಂಧ ಮಕ್ಕಳ ಪ್ರಶ್ನೆಪತ್ರಿಕೆಗಳನ್ನು ತಾನೇ ಮುದ್ರಿಸಲು ಹೊರಟಿತು. ವಾಣಿಜ್ಯ ತಂತ್ರಾಂಶವನ್ನೇ ಕೊಳ್ಳಬೇಕು ಎಂಬುದು ಅಲ್ಲಿನ ನಿಯಮ. ಬಿಟ್ಟಿ ಸಿಗುವುದು ವಾಣಿಜ್ಯ ಹೇಗಾದೀತು ಎಂದು, ತಮ್ಮ ತಂತ್ರಾಂಶ ಬಳಸಿ ಅಂತ ಅಕ್ಕ ಹಾಕಿದ್ದ ಅರ್ಜಿ ವಾಪಸ್ ಬಂತು. ಬ್ರೈಲ್ ಪತ್ರಿಕೆ ಇಲ್ಲದಿದ್ದರೆ ಯಾರೋ ಪಕ್ಕದಲ್ಲಿ ಕೂತು ಪ್ರಶ್ನೆ ಓದಿ ಹೇಳಬೇಕು. "ನಾನೂ ಹಾಗೇ ಪರೀಕ್ಷೆ ಬರೆದವಳು. ಇನ್ನೊಂದ್ಸಲ ಓದಿ ಅಂತ ಕೇಳೋಕೆ ಹೆದರಿಕೆ. ಓದೋರಿಗೆ ಆಕಳಿಕೆ."

ತಮ್ಮನ ಕೈ ಹಿಡಿದು ಅವರು ಖರೀದಿ ಅಧಿಕಾರಿಯ ಕೋಣೆಗೆ ಹೋದರು. "ಸಾರ್, ಮಾರಬೇಡಿ ಅಂತ ನಮ್ಮ ಲೈಸೆನ್ಸ್‌ನಲ್ಲಿ ಎಲ್ಲೂ ಇಲ್ಲ. ವ್ಯಾಪಾರಕ್ಕೂ ಬಳಸಬಹುದು. ಮುಕ್ತ ಅಂದ್ರೆ ವಾಣಿಜ್ಯಕ್ಕೆ ವಿರುದ್ಧ ಅಲ್ಲ."

ಅಧಿಕಾರಿ ಲೈಸೆನ್ಸನ್ನು ಪೂರ್ತಿ ಓದಿದ್ದರು. "ಒಪ್ದೆ ಅಮ್ಮಾ. ಆದ್ರೆ ಕೆಟ್ರೆ ನಾವು ಹೊಣೆಯಲ್ಲ ಅಂತಲೂ ಅದರಲ್ಲೇ ಬರೆದಿದೀರಲ್ಲ? ಪರೀಕ್ಷೆ ಹೊತ್ತಿಗೆ ಕೈಕೊಟ್ರೆ ನಾನು ಯಾರ ಬಾಗಿಲು ತಟ್ಟಲಿ?"

"ಅವರು ಕೇಳಿದ್ದು ನ್ಯಾಯವಾಗೇ ಇತ್ತು" ಎಂದು ಅಕ್ಕ ಈಗ ನಗುತ್ತಾರೆ. ಅಂದು ಎದ್ದು ಬರುವ ಮೊದಲು ಒಂದು ಮಾತು ಕೊಟ್ಟರು. ಲೈಸೆನ್ಸ್ ಇದ್ದಂತೆಯೇ ಇರಲಿ, ಕೆಟ್ಟಾಗ ಬಂದು ಸರಿಪಡಿಸುವುದಕ್ಕೆ ಮುದ್ರಣಾಲಯ ಬೇರೆ ಒಪ್ಪಂದ ಮಾಡಿಕೊಳ್ಳುತ್ತದೆ, ಅದಕ್ಕೆ ಶುಲ್ಕ ಉಂಟು.

ಮೆಟ್ಟಿಲ ಮೇಲೇ ತಮ್ಮ ಸಿಡಿದ. "ಧರ್ಮಕ್ಕೆ ಕೊಟ್ಟಿದ್ದನ್ನ ಅಂಗಡಿಗೆ ಇಡ್ತೀಯಾ ಅಕ್ಕಾ?"

"ಲಿಫ್ಟ್ ಹತ್ತೋರ ಹತ್ರ ಯಾರೂ ಕಾಸು ಕೇಳಲ್ಲ. ಹಾಗಂತ ರಿಪೇರಿಗೆ ನೀನು ಬಿಟ್ಟಿ ಹೋಗ್ತೀಯೇನೋ?"

ಅವನು ಅಕ್ಕನನ್ನು ಮನೆ ಮುಟ್ಟಿಸಿದ, ಆದರೆ ಮಾತು ಬಿಟ್ಟ. ಸಂಜೆ ಬರುವುದೂ ನಿಂತಿತು. ಇತ್ತ ಮಂಡಳಿಯ ಕಾನೂನು ವಿಭಾಗ ಕಡತ ನೋಡಿ, ಎಲ್ಲರಿಗೂ ಸಿಗುವ, ವ್ಯವಹಾರಕ್ಕೆ ಬಳಸಬಹುದಾದ ತಂತ್ರಾಂಶ ಬೆಲೆಯಿಲ್ಲದಿದ್ದರೂ ವಾಣಿಜ್ಯವೇ ಎಂದು ಬರೆಯಿತು. ಒಪ್ಪಂದಕ್ಕೆ ಸಹಿ ಬಿತ್ತು.

ಗಣಿತ ಪರೀಕ್ಷೆಯ ಮುನ್ನಾದಿನ ಮಂಡಳಿಯಿಂದ ಫೋನು. ಭಿನ್ನರಾಶಿಗಳು ತಲೆಕೆಳಗಾಗಿ ಬರುತ್ತಿವೆ! ತಾಳೆ ನೋಡಲು ಬ್ರೈಲ್ ಬಲ್ಲ, ಕಣ್ಣಿರುವವರು ಬೇಕು. ಅಕ್ಕ ಅಳುಕುತ್ತಲೇ ತಮ್ಮನಿಗೆ ಕರೆ ಮಾಡಿದರು. ಅವನು ಅರ್ಧ ಬಿಚ್ಚಿದ ಲಿಫ್ಟನ್ನು ಜೊತೆಗಾರನಿಗೆ ಒಪ್ಪಿಸಿ ಬೈಕ್ ತಂದ. ಅಕ್ಕನನ್ನು ಮಂಡಳಿಗೆ ಮುಟ್ಟಿಸಿದ. ಅಕ್ಕ ತಪ್ಪು ಹುಡುಕಿ ತಿದ್ದಿದರು, ಅವನು ಹಾಳೆ ಹಾಳೆಯನ್ನೂ ಹೋಲಿಸಿ ನೋಡಿದ. ಹೊರಗೆ ಬಂದು ಬೈಕ್ ಒದೆಯುವಾಗ ಬಾಯಿ ತೆರೆದ.

"ಬಿಲ್ ಹಾಕ್ತೀಯ ತಾನೇ?"

ಈಗ ಯಂತ್ರ ಮಾರುವ ಕಂಪನಿಯೊಂದು ಇದೇ ತಂತ್ರಾಂಶಕ್ಕೆ ತನ್ನ ಹೆಸರಿಟ್ಟು ಮಾರುತ್ತಿದೆ. ಹೊಟ್ಟೆ ಉರಿಯುವುದಿಲ್ಲವೇ ಎಂದರೆ ಅಕ್ಕ ಕೈ ಅಲ್ಲಾಡಿಸುತ್ತಾರೆ. "ಮಾರ್ಕೊಳ್ಳಲಿ ಬಿಡಿ, ಮಾರಿ ಅಂತ ಬರೆದುಕೊಟ್ಟವಳೇ ನಾನು. ಯಾರಾದ್ರೂ ನನಗಿಂತ ಚೆನ್ನಾಗಿ ಇದನ್ನ ನೋಡ್ಕೊಳ್ಳೋರು ಬಂದ್ರೆ ಸಾಕು. ಇಷ್ಟು ವರ್ಷ ತಪ್ಪು ಹುಡುಕೋಕೆ ಓದಿದ್ದೇ ಆಯ್ತು. ಒಂದು ಕತೆ ಪುಸ್ತಕನಾದ್ರೂ, ಮುಂದೇನಾಯ್ತು ಅಂತ ತಿಳ್ಕೊಳ್ಳೋಕೆ ಮಾತ್ರ ಓದ್ಬೇಕು."